ಅತ್ತೆಯ ಹರವಿಯೊಳಗಿನ ಸಾಹೇಬರು

ನಮ್ಮತ್ತೆಯ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮುಂಗೈಯಿಂದ ಮೊಣಕೈವರೆಗೆ ಒಣಗಿ ಮಿಂಚುವ ಒಂದು ಬೆಳ್ಳಿ ಗೆರೆ. ವಿಭೂತಿ ಅವರೇ ಹಚ್ಚಿಕೊಂಡದ್ದು. ಗೆರೆ ಅವರು ಸಾಕಿದ ಬಸವನಹುಳು ಎಳೆದದ್ದು. ಸಂಜೆ ಅದನ್ನು ಕೈಮೇಲೆ ಹತ್ತಿಸಿಕೊಂಡು ಹಿತ್ತಲ ಕಟ್ಟೆಗೆ ಕೂತರೆ ಒಲೆಯ ಮೇಲೆ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಆಮೇಲೆ ಸೋಪು ಹಚ್ಚಿ ಎರಡು ಸಲ ಕೈ ತೊಳೆಯದೆ ದೇವರ ಕೋಣೆಯ ಹೊಸ್ತಿಲು ಮಾತ್ರ ದಾಟಿದವರಲ್ಲ.

ಅದು ಸಂತೆಯ ಪುಂಡಿಪಲ್ಯದ ಕಟ್ಟಿನೊಳಗೆ ಬಂದಿತ್ತು. ನಮ್ಮ ಹಡಗಲಿಯ ಮಲ್ಲಿಗೆ ತೋಟದವರು ಆಫ್ರಿಕಾದ ಹುಳು ಎಂದು ಬೈದು, ಉಪ್ಪು ಸುರಿದು ಕೊಲ್ಲುವ ಜಾತಿಯದು. ಚಿಪ್ಪೇ ನನ್ನ ಹಿಡಿಯಷ್ಟಿತ್ತು. ನಾನು ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ತಡಿಬೇ. ನಮ್ಮ ತವರು ಹಲವಾಗಲ ಹೊಳ್ಯಾಗ ಉಗುರಿನಷ್ಟವು ಕಂಡೀನಿ. ಇಷ್ಟ ದೊಡ್ಡದು ಹೆಂಗ ಬಾಳ್ವೆ ಮಾಡ್ತೈತಿ ನೋಡೂಣು."

"ಹೊರಗ ಹೋದ್ರ ಮಂದಿ ತ್ವಾಟ ತಿಂತೈತ್ರಿ ಅತ್ತಿ."

"ಹೋಗಾಕ ಬಿಟ್ರ ತಾನ?"

ನೀರು ತುಂಬುತ್ತಿದ್ದ ಒಂದು ಒಡಕು ಹರವಿಗೆ ಹಸಿ ಮಣ್ಣು ಹಾಕಿ, ಹಳೆಯ ಜರಡಿ ಮುಚ್ಚಿ, ಮೇಲೆ ರುಬ್ಬುಗುಂಡು ಇಟ್ಟರು. ಹಗಲೆಲ್ಲ ಮಲಗಿ ಸಂಜೆ ಏಳುವ ಅದಕ್ಕೆ 'ಸಾಹೇಬ್ರು' ಎಂದು ಹೆಸರಾಯಿತು. ಅತ್ತೆಗೆ ಅದರದು ಪ್ರತಿಯೊಂದೂ ಕೌತುಕ. ಅದು ತಿನ್ನುವ ಸೌತೆಕಾಯಿ ಹೋಳಿನ ಹತ್ತಿರ ಕಿವಿಯಿಟ್ಟು, "ಬಾ ಇಲ್ಲಿ, ಕರಕರ ಅಂತೈತಿ! ಹಲ್ಲು ಎಲ್ಲಿ ಇಟ್ಟಾನ ಶಿವ?" ಎಂದು ನನ್ನನ್ನೂ ಬಗ್ಗಿಸಿದರು. ಬೇಸಿಗೆಯಲ್ಲಿ ಅದು ಒಳಗೆ ಸೇರಿ, ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡಿತು. ಸತ್ತಿತೆಂದು ನಾನು ಲೊಚಗುಟ್ಟಿದರೆ, "ಬಾಗಲಾ ಹಾಕ್ಯಾರ ಅಷ್ಟ. ಸಾಹೇಬ್ರು ರಜಾದ ಮ್ಯಾಲೆ ಅದಾರ" ಎಂದರು. ಮಳೆ ಬಿದ್ದ ಸಂಜೆ ಬಾಗಿಲು ತೆರೆಯಿತು.

ಆದರೆ ಹೊಸದಾಗಿ ಬೆಳೆದ ಚಿಪ್ಪಿನ ಅಂಚು ಹಪ್ಪಳದಂತೆ ಮುರಿಯತೊಡಗಿತು. ಅತ್ತೆ ಓಣಿಯ ದನದ ಡಾಕ್ಟರನ್ನು ಹಿಡಿದರು.

"ಎಲಿಗೆ ಹಚ್ಚೋ ಸುಣ್ಣ ಹಾಕ್ಲೇನ್ರಿ?"

"ಸುಟ್ಟೀತು ಅಮ್ಮಾರೆ. ತತ್ತಿ ಸಿಪ್ಪಿ ಪುಡಿ ಮಾಡಿ ಹಾಕ್ರಿ."

ತತ್ತಿ! ಲಿಂಗಪೂಜೆಯ ನಮ್ಮ ಮನೆಯಲ್ಲಿ ಆ ಮಾತನ್ನೂ ಜೋರಾಗಿ ಆಡುವುದಿಲ್ಲ. ಮೇಲಾಗಿ, ಬಸವಣ್ಣನ ಗುಡಿಯ ಸೋಮವಾರದ ಭಜನೆಗೆ ಗೋದಿಹುಗ್ಗಿಯ ಪ್ರಸಾದ ನಮ್ಮತ್ತೆಯ ಕೈಯದು. ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ಅವರಿಗಿದ್ದ ಹೆಮ್ಮೆ ಅದೊಂದೇ. ನಿಮ್ಮ ಮಗನನ್ನು ಕಳಿಸಿರಿ ಎಂದೆ. "ಹುಳ ನಂದು. ಹೋಗಾಕಿ ನಾನ" ಎಂದು ತಲೆಗೆ ಸೆರಗು ಹೊದ್ದು, ಎಲ್ಲರೂ ಓಡಾಡುವ ಹೊತ್ತಿನಲ್ಲೇ ಬಸ್‌ಸ್ಟ್ಯಾಂಡ್ ಹಿಂದಿನ ಎಗ್‌ರೈಸ್ ಗಾಡಿಗೆ ಹೋದರು. "ಬರೇ ಸಿಪ್ಪಿ ಒಯ್ದು ಏನ್ಮಾಡ್ತೀರ್ರಿ ಅಮ್ಮಾರೆ, ಒಳಗಿಂದೂ ಕೊಡ್ತೀನಿ" ಎಂದು ಗಾಡಿಯವನು ನಕ್ಕನಂತೆ. ಸಿಪ್ಪೆಯನ್ನು ಹಿತ್ತಲಲ್ಲೇ ಕುದಿಸಿ, ಒಣಗಿಸಿ, ಬೇರೆ ಕಲ್ಲಿನ ಮೇಲೆ ಕುಟ್ಟಿದರು.

ಮುಂದಿನ ಸೋಮವಾರ ಹುಗ್ಗಿ ಒಯ್ದಾಗ ಭಜನೆಯ ಹಿರಿಯಾಕೆ ನಗುನಗುತ್ತಲೇ ಅಂದರು: "ಇನ್ನ ಮ್ಯಾಲೆ ಹುಗ್ಗಿ ನಾವ ಮಾಡ್ಕೋತೀವ್ರಿ ಅಕ್ಕಾರೆ. ನಿಮಗ ಗಾಡಿ ಕಡೆ ಓಡಾಡೋದ ಬಾಳ ಆಗೈತಿ."

ಯಾರೂ ಕೈಯೊಡ್ಡಲಿಲ್ಲ. ಪಾತ್ರೆ ತುಂಬಿದಂತೆಯೇ ಮನೆಗೆ ಬಂತು. ನಮ್ಮನೆಯವರಿಗೆ ಸಿಟ್ಟು ಬಂದು, "ಕೊಡಬೇ ಯವ್ವಾ, ಅದನ್ನ ಎಲ್ಲೆರ ಬಿಟ್ಟು ಬರ್ತೀನಿ" ಎಂದರು.

ಅತ್ತೆ ಪಾತ್ರೆಯ ಮುಂದೆಯೇ ಕೂತಿದ್ದರು. "ಎಲ್ಲಿ ಬಿಡ್ತೀ? ಮಂದಿ ಮಲ್ಲಿಗ್ಯಾಗನ? ಹುಗ್ಗಿ ಮಾಡಾಕ ಓಣಿ ತುಂಬ ಕೈ ಅದಾವು. ಇದಕ್ಕ ಸಿಪ್ಪಿ ತರಾಕ ನನ್ನ ಬಿಟ್ರ ಯಾರದಾರ?" ಎಂದರು. ಧ್ವನಿ ಗಟ್ಟಿಯಿತ್ತು, ಕಣ್ಣು ಮಾತ್ರ ಪಾತ್ರೆ ಬಿಟ್ಟು ಏಳಲಿಲ್ಲ.

ಭಜನೆ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಬೇರೆಯವರ ಹುಗ್ಗಿ ಉಂಡು, "ಬೆಲ್ಲ ಕಮ್ಮಿ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಒಂದು ಸೋಮವಾರ ಮಂಗಳಾರತಿಯಾದ ಮೇಲೆ ಯಾರೋ ಅತ್ತೆಯ ಕಡೆ ನೋಡಿ ಕಿಸಕ್ಕೆಂದರು. ಅತ್ತೆ ಎದ್ದು ನಿಂತರು.

"ತತ್ತಿ ನಾ ತಿಂದಿಲ್ರವ್ವ. ಸಿಪ್ಪಿ ಒಂದು ಜೀವಕ್ಕ ತಿನಿಸೀನಿ. ಹಿಂದ ಆಡ್ಕೋಬ್ಯಾಡ್ರಿ, ಮನಿಗೆ ಬಂದು ನೋಡ್ರಿ."

ಮರುದಿನ ಸಂಜೆ ಹಿರಿಯಾಕೆ ಒಬ್ಬರೇ ಬಂದರು, ಮುಖ ಬಿಗಿದುಕೊಂಡೇ. ಅತ್ತೆ ಜರಡಿ ತೆಗೆದರು. ಸಾಹೇಬರು ಮೆಲ್ಲಗೆ ಹೊರಬಂದು ಕೋಡು ಚಾಚಿದರು. ಕೋಡಿನ ತುದಿಗೇ ಕಣ್ಣು ಎಂದು ಅತ್ತೆ ತೋರಿಸಿದರು. ಹಿರಿಯಾಕೆ ಬೆರಳು ತಾಗಿಸಿದರು.

"ಅಯ್ಯ ಶಿವನ, ಕಣ್ಣು ಒಳಗ ಹೋತಲ್ಲ! ಮತ್ತ ಬರ್ತಾವೇನು?"

"ತಡೀರಿ, ಬರ್ತಾವು."

ಇಬ್ಬರೂ ಹರವಿಯ ಮೇಲೆ ತಲೆಗೆ ತಲೆ ಕೂಡಿಸಿ ಕಾದರು. ನಾನು ಕೊಟ್ಟ ಚಹಾ ಆರಿ ಕೆನೆ ಕಟ್ಟಿತು. ಏಳುವಾಗ ಹಿರಿಯಾಕೆ ಹೇಳಿದ್ದು ಇಷ್ಟೇ: "ಸೋಮಾರ ಹುಗ್ಗಿ ನಿಮ್ದ. ಕೈ ಮಾತ್ರ ಚಲೋತ್ನಾಗ ತೊಳ್ಕೊಳ್ರಿ."

ಈ ಬೇಸಿಗೆಯಲ್ಲಿ ಅತ್ತೆ ಲಿಂಗೈಕ್ಯರಾದರು. ಪೂಜೆ ಮುಗಿಸಿ ಗೋಡೆಗೆ ಒರಗಿದವರು ಏಳಲಿಲ್ಲ. ನರಳಲಿಲ್ಲ, ಅದೂ ಶಿವನ ದಯೆ. ಆಗ ಹರವಿಯೊಳಗೆ ಸಾಹೇಬರು ಬಾಗಿಲು ಹಾಕಿಕೊಂಡಿದ್ದರು. ಬದುಕಿರಬಹುದೆಂಬ ನಂಬಿಕೆ ನನಗಿರಲಿಲ್ಲ. ಆದರೂ ಮೊದಲ ಮಳೆಯ ದಿನ ನೀರು ಚಿಮುಕಿಸಿ, ಒಂದು ಹೋಳು ಸೌತೆಕಾಯಿ ಇಟ್ಟೆ. ಬೆಳಿಗ್ಗೆ ನೋಡಿದರೆ ಹೋಳಿನ ಅಂಚು ಕೊರೆದಿತ್ತು. ಕೈಮುಗಿದೆ.

ಅವತ್ತೇ ಸಂಜೆ ಅತ್ತೆ ಸಿಪ್ಪೆ ತರುತ್ತಿದ್ದ ಡಬ್ಬಿ ತೆಗೆದುಕೊಂಡು, ಸೆರಗಿನೊಳಗೆ ಮುಚ್ಚಿಕೊಂಡು ಹೊರಟೆ. ಕಟ್ಟೆಯ ಮೇಲಿದ್ದ ಹಿರಿಯಾಕೆ ಓಣಿಗೆಲ್ಲ ಕೇಳುವಂತೆ ಕೂಗಿದರು:

"ಡಬ್ಬಿ ಯಾಕ ಮುಚ್ಚೀಬೇ? ತತ್ತಿ ಸಿಪ್ಪಿಗೆ ಹೊಂಟೀ ಹೌದಿಲ್ಲೋ? ಲಗೂನ ಬಾ. ನಾಳೆ ಸೋಮಾರ, ಹುಗ್ಗಿಗೆ ಗೋದಿ ನೆನಿ ಹಾಕಾಕಿ ಇನ್ನ ನೀನ."

ನಾನು ಡಬ್ಬಿಯನ್ನು ಸೆರಗಿನಿಂದ ಹೊರಗೆ ತೆಗೆದೆ.