ಅವ್ವ ಎಳೆದುಕೊಂಡ ಕೌದಿ

“ದುಡ್ಡು ಉಳೀಬೇಕಂದ್ರ ಹಡಗದಾಗ ಊಟ ಕೊಳ್ಳಬ್ಯಾಡ ತಮ್ಮಾ. ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿ. ಕೌದಿ ಮಾತ್ರ ಮರೀಬ್ಯಾಡ.”

ಹೀಗೆಂದವರು ಇರಕಲ್ಲಗಡದ ಒಬ್ಬ ಹಿರಿಯರು. ಮೊದಲ ಮಹಾಯುದ್ಧಕ್ಕೆ ಹಡಗಿನಲ್ಲಿ ಹೋಗಿ ಬಂದವರು. ನಾನು ಓದಲು ವಿಲಾಯತಿಗೆ ಹೊರಟಿದ್ದು ತಿಳಿದು, ಕೊಪ್ಪಳ ಸ್ಟೇಶನ್ನಿನಲ್ಲಿ ನನ್ನ ಮತ್ತು ಅವ್ವನ ಪಕ್ಕ ಬಂದು ಕುಳಿತಿದ್ದರು.

ಅವ್ವ ತನ್ನ ಹಳೆಯ ಸೀರೆಗಳಿಂದ ಹೊಲಿದಿದ್ದ ಕೌದಿಯನ್ನು ತೋರಿಸಿದಳು. “ಇದು ಸಾಕೇನ್ರಿ ಅಣ್ಣಾ?”

“ಭಾಳ ಛಲೋ ಐತಿ ತಂಗೀ. ನನ್ನ ಗೆಳ್ಯಾ ಹಡಗದಾಗ ಸತ್ತಾಗ ಇಂಥಾದ್ರಾಗ ಸುತ್ತಿ ಸಮುದ್ರಕ್ಕ ಬಿಟ್ವಿ. ಅಲ್ಲಿ ಮಣ್ಣು ಎಲ್ಲಿಂದ ಬರಬೇಕು?”

ನಮ್ಮಲ್ಲಿ ಸತ್ತವರನ್ನು ಮಣ್ಣಿಗೇ ಇಡುವುದು ಪದ್ಧತಿ. ಅವ್ವನ ಮುಖ ಕಪ್ಪಿಟ್ಟಿತು. ಗಾಡಿ ಬಂದಾಗ ನನ್ನ ಗಂಟಿನಿಂದ ಕೌದಿ ಎಳೆದು ಬಗಲಲ್ಲಿ ಅವುಚಿಕೊಂಡಳು.

“ಥಂಡಿ ಆಕ್ಕೈತಿ ಯವ್ವಾ, ಕೊಡು.”

“ಆಗ್ಲಿ. ನಡುಗಿಕೋಂತ ಆದ್ರೂ ತಿರುಗಿ ಬಾ,” ಎಂದಳು.

ತಿರುಗಿ ಬಂದೆ. ಅಷ್ಟರಲ್ಲಿ ಇನ್ನೊಂದು ಮಹಾಯುದ್ಧ ನಡೆದು ಮುಗಿದಿತ್ತು. ಅವ್ವ ಇರಲಿಲ್ಲ. ಹೊರದೇಶಕ್ಕೆ ಓದಲು ಹೊರಟ ಹುಡುಗರು ಖರ್ಚು ಉಳಿಸುವ ದಾರಿ ಕೇಳಿದರೆ ರೊಟ್ಟಿ ಒಯ್ಯಿರಿ ಎನ್ನುತ್ತೇನೆ. ಹೊದಿಕೆ ಒಯ್ಯಿರಿ ಎನ್ನಲು ಇಂದಿಗೂ ನಾಲಿಗೆ ಏಳುವುದಿಲ್ಲ.