ರಾಘಣ್ಣನ ಜಾವಾ, ಗಿರಿಜಾಬಾಯಿಯ ಸೀಟು

ಬಳ್ಳಾರಿಯ ಬಿಸಿಲಿನಲ್ಲಿ ಚರ್ಮದ ಜಾಕೆಟ್ಟು ಹಾಕಿಕೊಂಡು ಓಡಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ಉರಿಯಬೇಕಾದದ್ದು ನನಗೇಕೆ ಉರಿಯುತ್ತದೋ ಗೊತ್ತಿಲ್ಲ. ನಮ್ಮ ರಾಘಣ್ಣ ಅಂಥದೊಂದು ಜಾಕೆಟ್ಟು ತರಿಸಿಕೊಂಡ ದಿನವೇ ನಾನು ಮನೆಯಲ್ಲಿ ಹೇಳಿದೆ, ಈ ಮನುಷ್ಯ ಕೆಟ್ಟ ಅಂತ.

ಕೆಡುವ ಮುಂಚೆ ಬಲು ಒಳ್ಳೆಯ ಮನುಷ್ಯ. ಸತ್ಯನಾರಾಯಣಪೇಟೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ, ಅದರ ಎದುರಿಗೇ ಅವನ ಮನೆ. ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿ, ಯಾರ ತಂಟೆಗೂ ಹೋಗದೆ, ಗುಮಾಸ್ತನಾಗಿಯೇ ಹೊರಬಿದ್ದವನು. ಬೆಳಿಗ್ಗೆ ಸಂಧ್ಯಾವಂದನೆ, ಸಂಜೆ ಮಠದ ಪ್ರವಚನ, ನಡುವೆ ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಪುಕ್ಕಟೆ ಪೇಪರ್ ಓದುವುದು. ಹೀಗೇ ಇದ್ದಿದ್ದರೆ ಅವನ ಬಗ್ಗೆ ಬರೆಯಲು ಏನೂ ಇರುತ್ತಿರಲಿಲ್ಲ.

ಅವನ ಹತ್ತಿರ ಒಂದು ಜಾವಾ ಇತ್ತು. ಕೆಲಸ ಸಿಕ್ಕ ಹೊಸದರಲ್ಲಿ ಯಾರದೋ ಕೈಯಿಂದ ಕೊಂಡದ್ದು. ಅದರ ಮೇಲೆ ಕೂತೇ ಸಿರುಗುಪ್ಪಕ್ಕೆ ಹೆಣ್ಣು ನೋಡಲು ಹೋಗಿದ್ದ. ಹೆಣ್ಣಿನ ತಂದೆ ಹುಡುಗನ ಗೋತ್ರ, ನಕ್ಷತ್ರ, ಸಂಬಳ ಎಲ್ಲ ವಿಚಾರಿಸಿ ಮುಗಿಸಿ, ಅಂಗಳಕ್ಕೆ ಬಂದು ಗಾಡಿಯ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರಂತೆ.

"ಹಿಂದಿನ ಗಾಲಿಗೆ ಸೀರಿ ಗಾರ್ಡ್ ಇಲ್ಲಲ್ಲ ತಮ್ಮಾ? ಮೊದಲು ಅದನ್ನ ಹಾಕಿಸ್ಕೊಂಡು ಬಾ, ಆಮ್ಯಾಲೆ ಲಗ್ನದ ಮಾತು" ಅಂದರಂತೆ.

ರಾಘಣ್ಣ ಆವತ್ತೇ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು, ಹಿಂದಿನ ಚಕ್ರಕ್ಕೆ ಸೆರಗು ಸಿಕ್ಕದ ಹಾಗೆ ಕಬ್ಬಿಣದ ಸರಳಿನ ಗಾರ್ಡ್ ಮಾಡಿಸಿದ. ಮದುವೆ ಆಯಿತು. ಮದುಮಗಳು ಗಿರಿಜಾಬಾಯಿ ಅದೇ ಗಾಡಿಯ ಹಿಂದೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತು, ಕುರುಗೋಡಿನ ಮೇಲಿಂದ ಬಳ್ಳಾರಿಗೆ ಬಂದರು. ಬೀಗರು, ನೆಂಟರು ಎಲ್ಲ ಬಸ್ಸಿನಲ್ಲಿ. ದಾರಿಯುದ್ದಕ್ಕೂ ಗದ್ದೆಯಲ್ಲಿದ್ದ ಹೆಣ್ಣುಮಕ್ಕಳು ನಾಟಿ ಬಿಟ್ಟು ಎದ್ದು ನಿಂತು ನೋಡಿದರು ಅಂತ ಅವರು ಈಗಲೂ ಹೇಳುತ್ತಾರೆ. ಹೇಳುವಾಗ ಮುಖ ನೋಡಬೇಕು.

ಆಮೇಲೆ ಆ ಜಾವಾ ಹೊರದ ಸಾಮಾನಿಲ್ಲ. ಗ್ಯಾಸ್ ಸಿಲಿಂಡರ್, ಸೋನಾ ಮಸೂರಿ ಚೀಲ, ಮಗಳು ಸುಪ್ರಜಾ, ಅವಳ ಸಾಲೆಯ ಚೀಲ, ಎಲ್ಲಕ್ಕಿಂತ ಹಿಂದೆ ಗಿರಿಜಾಬಾಯಿ. ಸುಪ್ರಜಾ ಟೀಚರ್ ಆಗಿ ಸ್ಕೂಟಿ ಕೊಂಡ ಮೇಲೆ ಜಾವಾಕ್ಕೆ ಪಡಸಾಲೆಯ ಮೂಲೆಯೇ ಗತಿಯಾಯಿತು. ಬೇಸಿಗೆಯಲ್ಲಿ ಗಿರಿಜಾಬಾಯಿ ಅದನ್ನು ಅಂಗಳಕ್ಕೆ ಎಳೆಸಿ, ಸೀಟಿನ ಮೇಲೆ ಹಳೆಯ ಪಂಚೆ ಹಾಸಿ, ಹಪ್ಪಳ ಒಣಗಿಸುತ್ತಿದ್ದರು. ಹಪ್ಪಳಕ್ಕೂ ಜಾವಾಕ್ಕೂ ಏನೂ ತಕರಾರಿರಲಿಲ್ಲ.

ತಕರಾರು ಬಂದದ್ದು ವಿಶ್ವಪ್ರಿಯನಿಂದ. ಈತ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಹೇಳುವ ಹುಡುಗ. ಬಳ್ಳಾರಿ ಪುರಾತನ ಮೋಟಾರ್‌ಸೈಕಲ್ ಬಳಗ ಎಂಬುದರ ಅಧ್ಯಕ್ಷ. ಒಂದು ದಿನ ಜೆರಾಕ್ಸ್ ಮಾಡಿಸಲು ಬಂದವನು ಎದುರಿನ ಅಂಗಳ ನೋಡಿ ಎದೆ ಹಿಡಿದುಕೊಂಡ.

"ಅಂಕಲ್, ಇದು ಹಪ್ಪಳ ಒಣಗಸೋ ವಸ್ತು ಏನ್ರಿ? ಇದು ಹೆರಿಟೇಜ್!"

ರಾಘಣ್ಣನಿಗೆ ಅಷ್ಟು ವರ್ಷದಲ್ಲಿ ಯಾರೂ ಅಂಕಲ್ ಅಂದಿರಲಿಲ್ಲ, ಅವನ ಮನೆಯಲ್ಲಿ ಹೆರಿಟೇಜ್ ಇದೆ ಅಂತಲೂ ಹೇಳಿರಲಿಲ್ಲ. ಕಚೇರಿಯಲ್ಲಿ ಒಂದು ಮೊಹರು ಒತ್ತುವ ಅಧಿಕಾರವೂ ಇಲ್ಲದವನನ್ನು ಬಳಗದ ಕಾರ್ಯದರ್ಶಿ ಮಾಡಿದರು. ನೋಂದಣಿಗೆ ಒಂದು ತಲೆ ಕಡಿಮೆ ಬಿತ್ತು ಅಂತ ನನ್ನನ್ನೂ ಸೇರಿಸಿಕೊಂಡರು. ನನ್ನದು ರಾಜದೂತ್. ಅದನ್ನು ಅವರು ಹೆರಿಟೇಜ್ ಅನ್ನಲಿಲ್ಲ, "ಜಡೆಪ್ಪನವರ ಗಾಡಿ" ಅಂದರು.

ಬಳಗದ ವಾರ್ಷಿಕೋತ್ಸವ ಈ ಸಲ ಸಿರುಗುಪ್ಪದಲ್ಲಿ, ಅಲ್ಲಿ ಹಳೆಯ ಗಾಡಿಗಳ ಸ್ಪರ್ಧೆಯೂ ಉಂಟು ಅಂತ ಗೊತ್ತಾಯಿತು. ಬಳಗಕ್ಕೆ ಬಳಗವೇ ಗಾಡಿ ತೀಡಲು ಕೂತಿತು. ರಾಘಣ್ಣನದು ಮಾತ್ರ ಬೇರೆ ಸಂಪ್ರದಾಯ. ಸ್ನಾನ ಮಾಡಿ, ಮಡಿ ಉಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಚಕ್ರದ ಒಂದೊಂದೇ ಕಡ್ಡಿ ಉಜ್ಜುತ್ತಿದ್ದ. ಮುಗಿಯುವವರೆಗೂ ಯಾರೂ ಮುಟ್ಟುವ ಹಾಗಿಲ್ಲ. ದೇವರ ಮನೆಯಲ್ಲಿ ಸಾಲಿಗ್ರಾಮಗಳು ಅವನ ದಾರಿ ಕಾಯುತ್ತಿದ್ದವು.

"ರಾಘಣ್ಣಾರ, ಈ ಗಾಡಿ ಹೊಡಿಯಾಕ ಐತೋ, ಮಂಗಳಾರತಿ ಮಾಡಾಕ ಐತೋ?" ಅಂತ ನಾನು ಕೇಳಿದೆ.

"ನಿಮಗ ತಿಳಿಯೂದಿಲ್ಲ ಜಡೆಪ್ಪ. ಒರಿಜಿನಾಲಿಟಿಗೆ ಮಾರ್ಕ್ಸ್ ಅದ" ಅಂದ.

ಈ ಒರಿಜಿನಾಲಿಟಿ ಅನ್ನುವ ಗಾಳಿ ಹೊಕ್ಕದ್ದು ನನ್ನ ಅಂಗಡಿಯಿಂದಲೇ. ವಿಶ್ವಪ್ರಿಯ ಇಂಟರ್ನೆಟ್ಟಿನಿಂದ ಒಂದು ಬಣ್ಣದ ಫೋಟೋ ತೆಗೆಸಿದ್ದ: ಪರದೇಶದ ಯಾವುದೋ ಊರು, ಮನೆ ಮಾಳಿಗೆಗಳ ಮೇಲೆಲ್ಲ ಹಿಮ, ಉಣ್ಣೆ ಟೊಪ್ಪಿಗೆಯವನೊಬ್ಬ ಜಾವಾದ ಪಕ್ಕ ನಡುಗುತ್ತ ನಿಂತಿದ್ದಾನೆ. ಇದರಲ್ಲಿ ಇಲ್ಲದ್ದು ಗಾಡಿಯ ಮೇಲೆ ಇರಬಾರದು, ಅಷ್ಟೇ ನಿಯಮ. ರಾಘಣ್ಣನ ಗಾಡಿ ಮೈಸೂರಿನಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ಬೆಳೆದದ್ದು. ಆದರೂ ಫೋಟೋ ಮುಂದಿಟ್ಟುಕೊಂಡು ಒಂದೊಂದೇ ಕಳಚಿದ. ತರಕಾರಿ ಚೀಲದ ಕೊಕ್ಕೆ ಹೋಯಿತು. ರಾಯರ ಹೆಸರು ಬರೆದ ಮಡ್‌ಫ್ಲ್ಯಾಪ್ ಹೋಯಿತು, ಕೆನ್ನೆ ಬಡಿದುಕೊಂಡು ತೆಗೆದ. ಕೊನೆಗೆ ಸೀರೆ ಗಾರ್ಡಿನ ನಟ್ಟಿಗೆ ಪಾನಾ ಹಚ್ಚಿದ. ಹಿಮ ಬೀಳುವ ಊರಲ್ಲಿ ಸೀರೆ ಉಟ್ಟು ಗಾಡಿ ಹತ್ತುವವರು ಯಾರಿದ್ದಾರೆ, ಅಲ್ಲಿ ಗಾರ್ಡ್ ಯಾಕಿರುತ್ತದೆ ಅನ್ನುವಷ್ಟು ಬುದ್ಧಿ ಒಬ್ಬ ಸದಸ್ಯನಿಗೂ ಇರಲಿಲ್ಲ.

ಗಿರಿಜಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದನ್ನ ತಗದ್ರ ನಾ ಎಲ್ಲೆ ಕೂಡಬೇಕ್ರಿ?"

"ಇನ್ನ ಇದರ ಮ್ಯಾಲೆ ಯಾರೂ ಕೂಡೂದಿಲ್ಲ. ಸೀಟಿಗೆ ಹೊಸಾ ಕವರ್ ಹಾಕ್ಸೀನಿ."

"ನಾ ಏನು ಮೊಳಿ ಕಟಗೊಂಡು ಕೂಡ್ತೀನೇನು? ಸಿರಗುಪ್ಪಕ್ಕ ನಾ ಇದರ ಮ್ಯಾಲೇ ಬರಾಕಿ. ಇಷ್ಟು ವರ್ಷ ತವರಿಗೆ ಬಸ್ಸಿನ್ಯಾಗ ಹೋಗೀನಿ, ಬಸ್ಸಿನ್ಯಾಗ ಬಂದೀನಿ. ಒಂದ್ಸಲ ನಮ್ಮಣ್ಣನ ಬಾಗಲಕ್ಕ ಇದರ ಮ್ಯಾಲೆ ಹೋಗಿ ಇಳೀಬೇಕು. ಅದೊಂದು ಬಿಟ್ರ ನಾ ಏನರೆ ಕೇಳೀನಿ?"

"ಗಾರ್ಡ್ ಇಲ್ಲ ಗಿರಿಜಾ. ಗಾಲಿಯೊಳಗ ಸೀರಿ ಸಿಕ್ಕೊಂಡ್ರ ಏನು ಗತಿ? ನಿನ್ನ ಜೀವದ ಸಲುವಾಗೇ ಹೇಳ್ಲಿಕ್ಕೆ ಹತ್ತೀನಿ" ಅಂದ ರಾಘಣ್ಣ, ಪಾನಾ ತಿರುಗಿಸುತ್ತ.

ಇದನ್ನು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗಾರ್ಡ್ ಬಿಚ್ಚುವವನೂ ತಾನೇ, ಗಾರ್ಡ್ ಇಲ್ಲ ಅಂತ ಕಾಳಜಿ ಮಾಡುವವನೂ ತಾನೇ. ಗಾಡಿ ಬರೀ ಗಾಡಿಯಾಗಿದ್ದಾಗ ಆಕೆಗೆ ಅದರ ಮೇಲೆ ಜಾಗವಿತ್ತು. ಅದಕ್ಕೆ ಮರ್ಯಾದೆ ಬಂತು ನೋಡಿ, ಆಕೆಯನ್ನು ಇಳಿಸಿಬಿಟ್ಟರು.

ಇದರ ಮೇಲೆ ಬಳಗದ ಸಭೆಯಲ್ಲಿ ಇನ್ನೊಂದು ಮಾತು ಬಂತು. ಕುರುಗೋಡಿನಿಂದಾಚೆ ರಸ್ತೆ ಕೆಲಸ ನಡೆದಿದೆ, ಧೂಳು ಬಹಳ, ಟೈರಿಗೆಲ್ಲ ಕೆಮ್ಮಣ್ಣು ಹತ್ತುತ್ತದೆ. ಹಾಗಾಗಿ ಗಾಡಿಗಳನ್ನೆಲ್ಲ ಟಾಟಾ ಏಸ್‌ಗಳಲ್ಲಿ ಹೇರಿಕೊಂಡು ಹೋಗುವುದು, ಸವಾರರು ಕಾರುಗಳಲ್ಲಿ ಹೋಗುವುದು, ವೇದಿಕೆಯ ಮುಂದೆ ಇಳಿಸಿ ನಿಲ್ಲಿಸುವುದು ಅಂತ ಠರಾವಾಯಿತು. ಪೆಟ್ರೋಲ್ ತುಳುಕಿ ಬಣ್ಣಕ್ಕೆ ಕಲೆಯಾದೀತು ಅಂತ ಟ್ಯಾಂಕುಗಳನ್ನೂ ಬರಿದು ಮಾಡಿದರು. "ಓಡಿಸಾಕ ಹೆದರಾವ್ರು ಸಂಘ ಯಾಕ ಕಟ್ಟಿದ್ರಿ?" ಅಂತ ನಾನು ಅಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊರಡುವ ದಿನ ಬಂತು. ಬಾಡಿಗೆಗೆ ಹಿಡಿದ ದುರುಗಣ್ಣನ ಟಾಟಾ ಏಸ್‌ನಲ್ಲಿ ಜಾವಾವನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು, ಮೇಲೆ ಮದುವೆಯಲ್ಲಿ ಬಂದ, ಮಂಚಕ್ಕೆ ಹಾಸುವ ಪಲ್ಲಂಗಪೋಸು ಹೊದಿಸಿದರು. ಆದರೂ ರಾಘಣ್ಣನಿಗೆ ಸಮಾಧಾನವಿಲ್ಲ. ಹಗ್ಗ ಉಜ್ಜಿ ಟ್ಯಾಂಕಿಗೆ ಗೀರು ಬಿದ್ದರೆ? ಯಾರಾದರೂ ಪಕ್ಕದಲ್ಲಿ ಕೂತು ಹಗ್ಗದ ಕೆಳಗೆ ಮೆತ್ತನೆಯ ಬಟ್ಟೆ ಹಿಡಿದಿರಬೇಕು. ಅವನೋ ಕಾರ್ಯದರ್ಶಿ, ಮುಖ್ಯ ಅತಿಥಿಗಳ ಜೊತೆ ವಿಶ್ವಪ್ರಿಯನ ಕಾರಿನಲ್ಲಿ ಹೋಗಬೇಕು. ಬೇರೆಯವರ ಕೈಗೆ ಕೊಡಲು ನಂಬಿಕೆಯಿಲ್ಲ. ನಂಬಿಕೆ ಇದ್ದದ್ದು ಒಬ್ಬರ ಮೇಲೆ.

"ಗಿರಿಜಾ, ನೀ ಹೋಗಿ ಹಿಂದ ಕೂತಿರು. ಸ್ಟೂಲ್ ಇಟ್ಟೀನಿ."

ಗಿರಿಜಾಬಾಯಿ ಗಂಡನ ಮುಖವನ್ನೊಮ್ಮೆ ನೋಡಿದರು. ಬಟ್ಟೆ ತೆಗೆದುಕೊಂಡು ಏಸ್ ಹತ್ತಿದರು. ರಾಘಣ್ಣ ಜಾಕೆಟ್ಟಿನ ಜಿಪ್ ಎಳೆದು, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು, ಏಸಿ ಕಾರಿನಲ್ಲಿ ಮುಂದೆ ಹೋದ. ನನ್ನ ರಾಜದೂತ್‌ಗೆ ಯಾವ ಫೋಟೋದ ಕಾಟವೂ ಇಲ್ಲದ್ದರಿಂದ ನಾನು ಅದನ್ನೇ ಓಡಿಸಿಕೊಂಡು ಏಸ್‌ನ ಹಿಂದೆ ಹೊರಟೆ.

ಕುರುಗೋಡಿನಲ್ಲಿ ದುರುಗಣ್ಣ ಚಹಾಕ್ಕೆ ನಿಲ್ಲಿಸಿದ. ನಾವಿಬ್ಬರೂ ಗ್ಲಾಸು ಹಿಡಿದು ತಿರುಗುವಷ್ಟರಲ್ಲಿ ಗಿರಿಜಾಬಾಯಿ ಪಲ್ಲಂಗಪೋಸು ಮಡಚಿ ಪಕ್ಕಕ್ಕಿಟ್ಟಿದ್ದರು. ಸ್ಟೂಲಿನ ಮೇಲೊಂದು ಕಾಲಿಟ್ಟು, ಜಾವಾದ ಹಿಂದಿನ ಸೀಟಿನ ಮೇಲೆ ಒಂದು ಕಡೆಗೆ ತಿರುಗಿ ಕೂತು, ನಿರಿಗೆ ಸರಿ ಮಾಡಿಕೊಳ್ಳುತ್ತಿದ್ದರು.

"ಅಮ್ಮಾರ, ಬಿದ್ದು ಗಿದ್ದೀರಿ ಮತ್ತ! ರಾಘಣ್ಣಾರು ನನ್ನ ಬಿಡಂಗಿಲ್ಲ!" ಅಂತ ದುರುಗಣ್ಣ ಕೂಗಿದ.

"ನಾಕೂ ಕಡೆ ಹಗ್ಗ ಅದಾವಲ್ಲೋ, ಎಲ್ಲೆ ಬೀಳ್ತೀನಿ? ಗಾಲಿ ತಿರುಗೂದಿಲ್ಲ, ಸೀರಿ ಸಿಕ್ಕೊಳ್ಳೂ ಭಯಾನೂ ಇಲ್ಲ. ಅವರು ಹೇಳಿದ್ದರಾಗ ಯಾವುದು ತಪ್ಪಿತು? ನೀ ನಡಿ."

ದುರುಗಣ್ಣ ನನ್ನ ಮುಖ ನೋಡಿದ. "ನಡಿಯೋ ಮಾರಾಯ" ಅಂದೆ. ಅಷ್ಟು ಖುಷಿಯಿಂದ ನಾನು ಯಾರಿಗೂ ಅಪ್ಪಣೆ ಕೊಟ್ಟಿಲ್ಲ.

ಅಲ್ಲಿಂದ ಸಿರುಗುಪ್ಪದವರೆಗೂ ಕಾಲುವೆ, ಗದ್ದೆ, ಅಕ್ಕಿ ಗಿರಣಿ. ಎತ್ತರದಲ್ಲಿ ಗಿರಿಜಾಬಾಯಿ. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಸೆರಗು. ಬಟ್ಟೆಯನ್ನು ಮಾತ್ರ ಮರೆಯದೆ ಹಗ್ಗದ ಕೆಳಗೆ ಸಿಕ್ಕಿಸಿದ್ದರು. ಎದುರಿಗೆ ಬಂದ ಬಸ್ಸಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಟ್ರ್ಯಾಕ್ಟರಿನವನೊಬ್ಬ ಕೈ ಮುಗಿದ. ಯಾವುದೋ ದೇವರು ಊರಿಗೆ ಹೊರಟಿದೆ ಅಂದುಕೊಂಡನೋ ಏನೋ.

ಸಿರುಗುಪ್ಪದ ಮೈದಾನದ ಬಾಗಿಲಲ್ಲಿ ಬ್ಯಾಂಡ್ ಸೆಟ್ಟು ತಯಾರಿತ್ತು. ಏಸ್ ಬಂದದ್ದೇ ತಡ, ಭರ್ಜರಿ ಬಾರಿಸಿದರು. ಮುಖ್ಯ ಅತಿಥಿಗಳು ಇದು ಸ್ತಬ್ಧಚಿತ್ರ ಅಂದುಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆದರು. "ಕಾನ್ಸೆಪ್ಟ್ ಭಾಳ ಚಲೋ ಐತ್ರಿ" ಅಂತ ವಿಶ್ವಪ್ರಿಯನ ಬೆನ್ನು ತಟ್ಟಿದರು. ವಿಶ್ವಪ್ರಿಯ ನಾಚಿಕೆಯಿಲ್ಲದೆ "ಥ್ಯಾಂಕ್ಯೂ ಸರ್" ಅಂದ.

ರಾಘಣ್ಣ ಮಾತ್ರ ಜಾಕೆಟ್ಟಿನೊಳಗೆ ಬೆವೆತು ನೀರಾಗಿ ಓಡಿ ಬಂದ.

"ಸೀಟು! ಏ ಗಿರಿಜಾ, ಸೀಟು! ಇಳಿ ಮೊದಲು!"

"ಇಳಿಯೂದಿಲ್ರಿ. ನಮ್ಮಣ್ಣನ ಬಾಗಲದಾಗ ಇಳೀತೀನಿ. ನೀವು ಮುಂದ ಹತ್ತಿ ಕೂಡ್ರಿ."

"ಟ್ಯಾಂಕಿನ್ಯಾಗ ಹನಿ ಪೆಟ್ರೋಲ್ ಇಲ್ಲೇ!"

"ನಾ ಪೆಟ್ರೋಲ್ ಕೇಳೀನೇನು? ನಿಮ್ಮನ್ನ ಕೇಳೀನಿ."

ಬ್ಯಾಂಡಿನವರು ನಿಲ್ಲಿಸಿದರು. ಮೈದಾನದ ಜನವೆಲ್ಲ ಇತ್ತ ತಿರುಗಿತು. ಗಿರಿಜಾಬಾಯಿ ಜಗಳಕ್ಕೆ ನಿಂತವರ ಹಾಗಿರಲಿಲ್ಲ, ಕಣ್ಣು ತುಂಬಿ ಬಂದಿದ್ದವು. ಹಾಸ್ಯ ಮಾಡಲೆಂದೇ ಅಷ್ಟು ದೂರ ಬಂದಿದ್ದ ನಾನು ರಾಜದೂತ್‌ನ ಎಂಜಿನ್ ಆರಿಸಿದೆ.

ರಾಘಣ್ಣ ಸೀಟನ್ನು ನೋಡಿದ, ಹೆಂಡತಿಯನ್ನು ನೋಡಿದ. ಜಾಕೆಟ್ಟು ಬಿಚ್ಚಿ ವಿಶ್ವಪ್ರಿಯನ ಕೈಗೆ ಕೊಟ್ಟ. ಏದುಸಿರು ಬಿಡುತ್ತ ಏಸ್ ಹತ್ತಿ, ಹಗ್ಗಗಳ ನಡುವೆ ಕಾಲು ತೂರಿಸಿ, ಜಾವಾದ ಮೇಲೆ ಕೂತು ಹ್ಯಾಂಡಲ್ ಹಿಡಿದ. ಗಿರಿಜಾಬಾಯಿ ಅವನ ಹೆಗಲ ಮೇಲೆ ಕೈಯಿಟ್ಟರು.

"ನಡಿಯೋ ದುರುಗಣ್ಣ" ಅಂದ ರಾಘಣ್ಣ, ಹಿಂತಿರುಗಿ ನೋಡದೆ.

ಮೈದಾನ ಬಿಟ್ಟು ಏಸ್ ಊರೊಳಗೆ ನಡೆಯಿತು. ಹಿಂದೆ ನನ್ನ ರಾಜದೂತ್. ಪೇಟೆಯ ತಿರುವಿನಲ್ಲಿ ರಾಘಣ್ಣ ಬಲಗೈ ಚಾಚಿ ಹಿಂದಿನವರಿಗೆ ಸನ್ನೆ ಮಾಡಿದ. ನಾನು ಮರ್ಯಾದೆಯಿಂದ ವೇಗ ಕಡಿಮೆ ಮಾಡಿದೆ. ಓಣಿಯೊಳಗೆ ಹೊಕ್ಕಾಗ ಏಸ್ ನಡೆಯುವವರಿಗಿಂತ ನಿಧಾನವಾಗಿತ್ತು.

"ಇಷ್ಟು ಜೋರು ಬ್ಯಾಡ್ರಿ. ಅಲ್ನೋಡ್ರಿ, ಅಣ್ಣನ ಮನಿ ಬಾಗಲದಾಗೇ ವೈನಿ ನಿಂತಾರ" ಅಂದರು ಗಿರಿಜಾಬಾಯಿ.

ರಾಘಣ್ಣ ಬ್ರೇಕ್ ತುಳಿದ. ಗಾಡಿ ನಿಂತಿತು. ದುರುಗಣ್ಣನೂ ಅದೇ ಹೊತ್ತಿಗೆ ತುಳಿದಿದ್ದ ಅನ್ನುವ ಮಾತನ್ನು ಯಾರೂ ಎತ್ತಲಿಲ್ಲ.