ಪಂಡಿತರ ಎಣ್ಣೆ

ಆಸ್ಪತ್ರೆಯಿಂದ ಸಾಸ್ತಾನದ ಮನೆಗೆ ಬಂದ ಮರುದಿನ ನೆಂಟರೊಬ್ಬರು ನನ್ನ ತೊಡೆಗೆಂದು ಎಣ್ಣೆ ಬಾಟಲಿ ತಂದರು. ಮುಚ್ಚಳ ತೆಗೆದರೆ ಅದೇ ವಾಸನೆ... ಸುಟ್ಟ ಬೆಳ್ಳುಳ್ಳಿ, ಕರ್ಪೂರ. ಬಾಟಲಿಯ ಮೇಲೆ ಅದೇ ಮುಖ, ಹಣೆಯ ಗಂಧ ಸಮೇತ. ಸತ್ತ ಮೇಲೂ ಆಸಾಮಿ ವ್ಯಾಪಾರ ಬಿಟ್ಟಿಲ್ಲ.

ಬೀಜಾಡಿಯಲ್ಲಿ ಎಲುಬು ಕೂರಿಸುವುದಕ್ಕೆ ಹೆಸರಾದ ಪಂಡಿತರು. ಉಳುಕು, ವಾಯು, ಅವರ ಲೋಕದಲ್ಲಿ ಕಾಯಿಲೆ ಇದ್ದದ್ದೇ ಎರಡು. ಕುಂದಾಪುರದ ಮಾರ್ಕೆಟ್ಟಿಗೆ ಮೀನಿನ ಬುಟ್ಟಿ ಹೊರುತ್ತಿದ್ದ ನನ್ನ ಅತ್ತೆಗೆ ತೊಡೆ ನೋವು ಬಂದಾಗ, ಎಕ್ಸ್‌ರೇಯಲ್ಲಿ ಎಲುಬಿನೊಳಗೊಂದು ಗಂಟು ಕಂಡಿತು. ಡಾಕ್ಟರು ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕಾಲು ಹೋದರೆ ಬುಟ್ಟಿ ಹೊರುವುದು ಹೇಗೆಂಬ ಹೆದರಿಕೆ ಅತ್ತೆಗೆ. ಮೊದಲು ಪಂಡಿತರಿಗೆ ತೋರಿಸೋಣ ಎಂದರು. ಸ್ಕೂಟರಿನಲ್ಲಿ ಕರೆದೊಯ್ದವನು ನಾನು.

ಮಹಾನುಭಾವರು ಎಕ್ಸ್‌ರೇಯನ್ನು ತಲೆಕೆಳಗಾಗಿ ಬಿಸಿಲಿಗೆ ಹಿಡಿದರು. “ಇಲ್ ಕಾಣ್ ಮಾರಾಯ್ತಿ, ವಾಯು ಕಟ್ಟಿತ್ತ್. ಆಸ್ಪತ್ರೆಗ್ ಹೋರೆ ಕಾಲ್ ಕಡಿತ್ರ್. ಒಂದ್ ಬರೆ ಹಾಕ್ತೆ, ಸಮ ಆತ್ತ್.”

ಕಾದ ಕಬ್ಬಿಣ ಇಟ್ಟರು. ಆಮೇಲೆ ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದರು. ಇದೇ ಪಂಡಿತರು ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಾಗ ಮಾತ್ರ ರಿಕ್ಷಾ ಹಿಡಿದು ನೇರ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡರು! ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದದ್ದೇ ಇಲ್ಲ.

ಕೆಲವು ವರ್ಷಗಳ ಮೇಲೆ, ಮಾರ್ಕೆಟ್ಟಿನ ಮೆಟ್ಟಿಲಲ್ಲಿ ಅತ್ತೆಯ ತೊಡೆ ಲಟಕ್ಕನೆ ಮುರಿಯಿತು. ಗಂಟು ಅಷ್ಟರಲ್ಲಿ ಎಲುಬು ದಾಟಿತ್ತು. ಕಾಲು ತೆಗೆದರು. ಬುಟ್ಟಿ ಮೂಲೆ ಸೇರಿತು. ನಾನು ಪಂಡಿತರನ್ನು ಬೈದರೆ ಅತ್ತೆಗೇ ಸಿಟ್ಟು. “ಅವ್ರಿಗ್ ಬೈಬೇಡ ಮಗಾ. ಅವ್ರ್ ಎಂತ ಮಾಡೂಕಾತ್ತ್? ನನ್ ಹಣೆಬರ.” ಮುಂದಿನ ಮಳೆಗಾಲ ಅತ್ತೆ ನೋಡಲಿಲ್ಲ...

ಈಗ ನಾನು ಬಿದ್ದು ಮಂಡಿಗೆ ಸ್ಕ್ಯಾನ್ ಮಾಡಿಸಿದರೆ, ನನ್ನ ತೊಡೆಯೆಲುಬಿನಲ್ಲೂ ಅಂಥದೇ ಮೆದು ಎಲುಬಿನ ಗಂಟು. ನಿಧಾನಕ್ಕೆ ಬೆಳೆಯುವ ಜಾತಿಯದು, ಹೆದರಬೇಡಿ ಎಂದರು ಡಾಕ್ಟರು. ಸ್ಕ್ಯಾನಿನಲ್ಲಿ ನೋಡುತ್ತಲೇ ಎಲುಬಿನೊಳಕ್ಕೆ ಸೂಜಿ ಇಳಿಸಿ, ತುದಿಯ ಬಿಸಿಯಿಂದ ಗಂಟನ್ನಷ್ಟೇ ಸುಟ್ಟರು. ಕೆಲವು ವಾರ ಊರುಗೋಲು, ಆಗಾಗ ತಪಾಸಣೆ, ಅಷ್ಟೆ. ಚರ್ಮದ ಮೇಲೆ ಉಳಿದದ್ದು ಒಂದು ಚುಕ್ಕೆ. ಅತ್ತೆಯ ಕಾಲಕ್ಕೆ ಈ ಸೂಜಿ ನಮ್ಮ ಕಡೆ ಬಂದಿತ್ತೋ ಇಲ್ಲವೋ... ಗಂಟನ್ನು ಕೆರೆದು ತೆಗೆಯುವ ಡಾಕ್ಟರಂತೂ ಇದ್ದರು.

ನೆಂಟರು “ಹಚ್ಚುದಾ?” ಎಂದರು. ಬಾಟಲಿ ಕಿತ್ತುಕೊಂಡು, ಕುಂಟುತ್ತಲೇ ಹೋಗಿ ಬಚ್ಚಲಿಗೆ ಸುರಿದೆ. ವಾಸನೆ ಇನ್ನೂ ಹೋಗಿಲ್ಲ. ಪಂಡಿತರನ್ನು ಎಷ್ಟು ಬೈದರೂ ನನಗೆ ಸಾಕಾಗುವುದಿಲ್ಲ. ಅಂದು ಕಬ್ಬಿಣ ಕೆಂಪಾದಾಗ, ಅಲುಗದ ಹಾಗೆ ಅತ್ತೆಯ ಕಾಲನ್ನು ಒತ್ತಿ ಹಿಡಿದವನು ನಾನೇ.